ಒಣ ಮಣ್ಣನ್ನು ಹಸಿ ಎಂದವಳು

ತಪ್ಪು ನನ್ನದಾಗಿತ್ತು. ಅದನ್ನು ಗೌತಮಿಯ ತಲೆಗೆ ಕಟ್ಟಿದೆ — ಗೊತ್ತಿದ್ದೂ ಕಟ್ಟಿದೆ. ಗಡಿಬಿಡಿಯಲ್ಲಿ ಆಗಿಹೋಯಿತು, ಒತ್ತಡವಿತ್ತು, ಚಿಕ್ಕ ವಯಸ್ಸು — ಈ ಮಾತುಗಳನ್ನೆಲ್ಲ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಈಗ ಅವು ನಾಲಗೆಗೆ ಬಂದರೆ ಮೈಯೆಲ್ಲ ಉರಿಯುತ್ತದೆ. ನೀವೂ ದಯವಿಟ್ಟು ನನ್ನ ಪರವಾಗಿ ಅವನ್ನು ಹೇಳಬೇಡಿ.

ಗೌತಮಿ ಮತ್ತು ನಾನು ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಬರ ಎಲ್ಲಿ ಕಾಲಿಡುತ್ತಿದೆ ಎಂದು ಉಪಗ್ರಹದ ಮಾಹಿತಿಯಿಂದ ಕಂಡುಹಿಡಿದು ಸರ್ಕಾರಕ್ಕೆ ತಿಳಿಸುವ ಕಚೇರಿ ನಮ್ಮದು. ನಾನು ಮಲ್ಲೇಶ್ವರದವಳು, ಮೇಷ್ಟ್ರುಗಳ ಮನೆತನ. ಅವಳು ಓಕಳಿಪುರದ ಬೌದ್ಧ ಕುಟುಂಬದವಳು, ತಂದೆ ರೈಲ್ವೆಯಲ್ಲಿದ್ದರು. ಇಬ್ಬರೂ ಓದಿದ್ದು ಒಂದೇ. ಅಂಕ ಅವಳದೇ ಜಾಸ್ತಿ. ಮಧ್ಯಾಹ್ನ ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈಹಾಕಿ ಉಣ್ಣುತ್ತಿದ್ದೆವು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ — ಯಾರೋ ಪರಿಚಯವಿಲ್ಲದವಳಿಗೆ ಮಾಡಿದ ಮೋಸವಲ್ಲ ಇದು.

ನನ್ನ ಕೆಲಸ ಕಂಪ್ಯೂಟರಿನ ಮುಂದೆ. ನೆಲದಿಂದ ಹೊಮ್ಮುವ ಕ್ಷೀಣ ಸಂಕೇತಗಳನ್ನು ಉಪಗ್ರಹ ಹಿಡಿದು ಕಳಿಸುತ್ತದೆ. ಅದರಿಂದ ಮಣ್ಣಿನಲ್ಲಿ ಎಷ್ಟು ತೇವ ಉಳಿದಿದೆ ಎಂದು ಲೆಕ್ಕ ಹಾಕುವ ಮಾದರಿ ನಾನು ಬರೆದದ್ದು. ನಕ್ಷೆಯ ಒಂದೊಂದು ಚೌಕದೊಳಗೆ ಹತ್ತಾರು ಊರು, ಎಲ್ಲಕ್ಕೂ ಸೇರಿ ಒಂದೇ ಬಣ್ಣ. ಹಸಿಯಿದ್ದರೆ ನೀಲಿ, ಒಣಗಿದ್ದರೆ ಕೆಂಪು. ಗೌತಮಿಯದು ನೆಲದ ಕೆಲಸ. ಹೊಲಗಳಿಂದ ಮಣ್ಣು ತಂದು, ತೂಗಿ, ಓವನ್ನಿನಲ್ಲಿ ಒಣಗಿಸಿ, ಮತ್ತೆ ತೂಗಿ, ನನ್ನ ನಕ್ಷೆ ನಿಜ ಹೇಳುತ್ತಿದೆಯೇ ಎಂದು ಪರೀಕ್ಷಿಸುವುದು.

ಆ ವರ್ಷ ಮುಂಗಾರು ಕೈಕೊಟ್ಟಿತ್ತು. ಒಂದು ಬೆಳಿಗ್ಗೆ ಅವಳು ನನ್ನ ಮೇಜಿನ ಹತ್ತಿರ ಬಂದು, ನಕ್ಷೆಯ ಒಂದು ನೀಲಿ ಚೌಕದ ಮೇಲೆ ಬೆರಳಿಟ್ಟಳು.

"ಇದು ಹೇಗೆ ನೀಲಿ ಬಂತು ಕಣೇ? ಅಲ್ಲಿ ಮಣ್ಣು ಕೈಯಲ್ಲಿ ಹಿಡಿದ್ರೆ ಪುಡಿಪುಡಿ ಆಗ್ತಿದೆ. ಕೆರೆ ಮಾತ್ರ ತುಂಬಿದೆ, ಎಲ್ಲಿಂದ್ಲೋ ಪೈಪಲ್ಲಿ ನೀರು ತಂದು ತುಂಬ್ಸಿದಾರೆ. ಕೆರೇನ ಲೆಕ್ಕದಿಂದ ತೆಗ್ದಿದೀಯಾ, ಸ್ವಲ್ಪ ನೋಡು."

ನೋಡಿದೆ. ತೆಗೆದಿರಲಿಲ್ಲ. ನಾನು ಬಳಸಿದ್ದ ಹಳೆಯ ನಕ್ಷೆಯಲ್ಲಿ ಆ ಕೆರೆ ಬತ್ತಿದ ಬಯಲಾಗಿತ್ತು; ಹೀಗಾಗಿ ಕೆರೆಯ ನೀರನ್ನೆಲ್ಲ ನನ್ನ ಮಾದರಿ ಹೊಲದ ತೇವ ಎಂದು ಎಣಿಸಿತ್ತು. ಆದರೆ ನಕ್ಷೆ ಆಗಲೇ ಮೇಲಕ್ಕೆ ಹೋಗಿಯಾಗಿತ್ತು. ನಿರ್ದೇಶಕರು ಅದನ್ನು ಮೆಚ್ಚಿ ಮಾತಾಡಿಯೂ ಆಗಿತ್ತು. "ನೋಡ್ತೀನಿ ಬಿಡೇ" ಎಂದು ಅವಳನ್ನು ಸಾಗಹಾಕಿದೆ.

ಅಂದು ಮಧ್ಯಾಹ್ನ ಸಭೆ. ನಕ್ಷೆಗೂ ಮಣ್ಣಿನ ಪರೀಕ್ಷೆಗೂ ತಾಳೆಯಾಗುತ್ತಿಲ್ಲ ಎಂಬುದನ್ನು ಗೌತಮಿ ಎಲ್ಲರ ಮುಂದಿಟ್ಟಳು. ನನ್ನ ಹೆಸರೆತ್ತಲಿಲ್ಲ, ಮಾದರಿ ತಪ್ಪು ಎನ್ನಲೂ ಇಲ್ಲ — ನಾನೇ ಹೇಳುತ್ತೇನೆಂದು ಕಾದಳು. ನಿರ್ದೇಶಕರು ನನ್ನತ್ತ ತಿರುಗಿದರು. "ಏನಮ್ಮಾ, ಯಾವುದನ್ನ ನಂಬೋಣ?"

"ಸ್ಯಾಂಪಲ್ ಒಣಗಿಸೋವಾಗ ಏನೋ ತಪ್ಪಾಗಿರ್ಬೇಕು ಸರ್," ಎಂದೆ.

ಅಷ್ಟೇ. ಅವರು ನಕ್ಕರು. "ಯಾವ ಕೋಟಾದಲ್ಲಿ ಬಂದೋರು ಅಂತ ನೋಡಿದ್ರೆ ಗೊತ್ತಾಗತ್ತೆ ಬಿಡಿ." ಮೇಜಿನ ಸುತ್ತ ಇನ್ನೂ ಕೆಲವರು ನಕ್ಕರು. ನಾನು ನಗಲಿಲ್ಲ — ಇದನ್ನೇ ಏನೋ ದೊಡ್ಡ ಪುಣ್ಯವೆಂಬಂತೆ ಬಹಳ ಕಾಲ ಕಾಪಾಡಿಕೊಂಡಿದ್ದೆ! ಎಂಥ ನಾಚಿಕೆಗೇಡು. ನಗಬೇಕಾದ ಅಗತ್ಯವೇ ನನಗಿರಲಿಲ್ಲ. ಅವಳ ಕಡೆ ಬೆರಳು ತೋರಿಸಿದರೆ ಆ ಕೋಣೆಯಲ್ಲಿ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಅವರು ಬಾಯಿಬಿಟ್ಟು ಆಡಿದ ಹೊಲಸನ್ನು ನಾನು ಬಾಯಿಬಿಡದೆ ಬಳಸಿಕೊಂಡೆ.

"ಎಲ್ಲರ ಮುಂದೇನೇ ಇನ್ನೊಂದ್ಸಲ ಪರೀಕ್ಷೆ ಮಾಡೋಣ ಸರ್," ಎಂದಳು ಗೌತಮಿ. ಯಾರೂ ಮಾಡಲಿಲ್ಲ. ಆ ಚೌಕ ಬರಪೀಡಿತ ಪ್ರದೇಶವೆಂದು ಘೋಷಣೆಯಾಗಲಿಲ್ಲ. ಟ್ಯಾಂಕರ್ ಹೋಗಲಿಲ್ಲ, ಮೇವು ಹೋಗಲಿಲ್ಲ. ಅವಳನ್ನು ಹೊರಗಿನ ಕೆಲಸದಿಂದ ತೆಗೆದು ಉಗ್ರಾಣದಲ್ಲಿ ಕೂರಿಸಿದರು. ಸ್ವಲ್ಪ ಕಾಲ ಸಹಿಸಿಕೊಂಡು, ಕೊನೆಗೆ ಕೆಲಸವನ್ನೇ ಬಿಟ್ಟಳು. ಮುಂದಿನ ಮುಂಗಾರಿಗೆ ನಾನು ಸದ್ದಿಲ್ಲದೆ ಆ ಕೆರೆಯನ್ನು ಲೆಕ್ಕದಿಂದ ತೆಗೆದೆ. ಸುಧಾರಿತ ಮಾದರಿ ಎಂದು ಕರೆದೆ. ಅದಕ್ಕೂ ಚಪ್ಪಾಳೆ ಬಿತ್ತು — ತಟ್ಟಿಸಿಕೊಂಡೆ.

ಈ ಚಳಿಗಾಲದಲ್ಲಿ ವಿ.ವಿ. ಪುರಂನ ತಿಂಡಿ ಬೀದಿಯಲ್ಲಿ ಎದುರಾದಳು. ಕೂದಲು ನೆರೆತಿದೆ. ಯಾವುದೋ ಕಾಲೇಜಿನಲ್ಲಿ ಪಾಠ ಮಾಡುತ್ತಾಳಂತೆ. ದೋಸೆಕಾವಲಿಯ ಹೊಗೆ, ಜನರ ನೂಕಾಟ — ಅದರ ನಡುವೆಯೇ ಶುರುಮಾಡಿದೆ. "ಗೌತಮಿ, ಅವತ್ತು ತಪ್ಪು ನಂದೇ..."

"ಗೊತ್ತು," ಎಂದಳು. "ಮುಂದಿನ ವರ್ಷದ ಮ್ಯಾಪ್ ನೋಡ್ದೆ. ಕೆರೆ ತೆಗ್ದಿದ್ರಿ."

ನಾನೀಗ ಅವಳಿಗೆ 'ನೀವು' ಆಗಿದ್ದೆ.

"ನನ್ ಹತ್ರ ಯಾಕೆ ಹೇಳ್ತಿದೀರಾ? ಗೊತ್ತಿಲ್ದೇ ಇರೋರ ಹತ್ರ ಹೋಗಿ ಹೇಳಿ." ತಟ್ಟೆ ಕೆಳಗಿಟ್ಟು ನಡೆದುಬಿಟ್ಟಳು. ಪರವಾಗಿಲ್ಲ ಎನ್ನಲಿಲ್ಲ. ಅನ್ನಲಿ ಎಂದು ನಾನು ಒಳಗೊಳಗೇ ಆಸೆಪಟ್ಟಿದ್ದೆ — ಆ ಆಸೆಯ ಮೇಲೂ ನನಗೆ ಸಿಟ್ಟಿದೆ.

ನಿರ್ದೇಶಕರ ಕುರ್ಚಿಯಲ್ಲಿ ಈಗ ಕೂರುವವಳು ನಾನೇ. ಹೋದ ವಾರ ಅದೇ ಕೋಣೆಯಲ್ಲಿ, ಆ ಕುರ್ಚಿಯಿಂದ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಆ ಕೋಟಾದ ಮಾತನ್ನೂ, ಆ ನಗುವನ್ನೂ ಬಿಡಲಿಲ್ಲ. ಕೆಲವರು ನೆಲ ನೋಡಿದರು. "ಹಳೇದೆಲ್ಲ ಈಗ ಯಾಕೆ ಮೇಡಂ," ಎಂದರೊಬ್ಬರು. ಮೂಲೆಯಲ್ಲಿ ಕೂತಿದ್ದ ಸಹೋದ್ಯೋಗಿಯೊಬ್ಬಳು ಮಾತ್ರ ಕೇಳಿದಳು:

"ಆ ಚೌಕದಲ್ಲಿ ಯಾವ್ಯಾವ ಊರು ಇದ್ವು ಮೇಡಂ?"

ಬಾಯಿ ತೆರೆದೆ. ಚೌಕದ ಅಕ್ಷಾಂಶ, ರೇಖಾಂಶ ಇಂದಿಗೂ ಕಂಠಪಾಠ. ಊರಿನ ಹೆಸರು — ಒಂದೂ ಬರಲಿಲ್ಲ. ಮರೆತದ್ದಲ್ಲ. ನಾನು ಯಾವತ್ತೂ ಕೇಳಿಯೇ ಇರಲಿಲ್ಲ.

ಗೌತಮಿಗೆ ಫೋನ್ ಮಾಡಿದರೆ ಒಂದೊಂದನ್ನೂ ಹೇಳಿಯಾಳು. ಮಾಡುವುದಿಲ್ಲ. ಈ ಕೆಲಸವನ್ನೂ ಅವಳಿಂದ ಮಾಡಿಸಿಕೊಳ್ಳಲಾರೆ. ಭಾನುವಾರ ನಾನೇ ಹೊರಡುತ್ತೇನೆ. ಎದುರಿಗೆ ಸಿಕ್ಕವರನ್ನು ಮೊದಲು ಊರಿನ ಹೆಸರು ಕೇಳುತ್ತೇನೆ. ಆಮೇಲೆ, ಆ ವರ್ಷ ಅವರ ಒಣ ಮಣ್ಣನ್ನು ಹಸಿ ಎಂದವಳು ನಾನೇ ಎಂದು ಹೇಳುತ್ತೇನೆ.