ಇಪ್ಪತ್ತೆರಡೋ ಹದಿನೆಂಟೋ

ಮಲಾಡ್ ಸ್ಟೇಷನ್ನಿನ ಪಶ್ಚಿಮಕ್ಕೆ, ರೈಲ್ವೆ ಫಾಟಕದಿಂದ ನಾಲ್ಕು ಹೆಜ್ಜೆ ಆಚೆ, ಒಂದು ಹಳೇ ಬಿಲ್ಡಿಂಗಿನ ಗೋಡೆಗೆ ತಗಡು ಇಳಿಬಿಟ್ಟುಕೊಂಡು ಮುರಿಗೆಪ್ಪ ಸೈಕಲ್ ಅಂಗಡಿ ನಡೆಸುತ್ತಿದ್ದ. ಪಂಕ್ಚರ್ ಹಾಕುವವರು ಅದೇ ರಸ್ತೆಯಲ್ಲಿ ಇನ್ನೂ ಮೂವರಿದ್ದರು. ಆದರೆ ಸೈಕಲ್ಲನ್ನು ದುಡಿಮೆಗೆ ಹಚ್ಚಬೇಕೆಂದವರು ಆ ಮೂವರನ್ನೂ ದಾಟಿಕೊಂಡು ಇವನ ಹತ್ತಿರ ಬರುತ್ತಿದ್ದರು. ಹಾಲಿನ ಭಯ್ಯಾಗಳು ಬರುತ್ತಿದ್ದರು, ಮೀನಿನ ಬುಟ್ಟಿಯವರು ಬರುತ್ತಿದ್ದರು, ಬೇಕರಿಯಿಂದ ಪಾವ್ ಹೊತ್ತು ಮಾರುವ ಮಂಗಳೂರಿನ ದೂಜ ಅಂತೂ ದಿನಾ ಬರುತ್ತಿದ್ದ. ದೂಜನಿಗೆ ಅಲ್ಲಿ ಕೆಲಸವೇನೂ ಇರಲಿಲ್ಲ, ಹರಟೆಗೆ ಬರುತ್ತಿದ್ದ.

ಜನ ಹೀಗೆ ಬರಲು ಕಾರಣ ಹಲ್ಲುಗಳ ಲೆಕ್ಕ. ಸೈಕಲ್ಲಿಗೆ ಮುಂದೊಂದು ಹಲ್ಲಿನ ಚಕ್ರ, ಹಿಂದೊಂದು ಫ್ರೀವೀಲ್, ನಡುವೆ ಚೈನು. ಮುಂದೆ ನಲವತ್ತನಾಲ್ಕು ಹಲ್ಲಿದ್ದು ಹಿಂದೆ ಇಪ್ಪತ್ತೆರಡಿದ್ದರೆ ಪೆಡಲ್ ಒಂದು ಸುತ್ತು ಸುತ್ತಿದಾಗ ಗಾಲಿ ಎರಡು ಸುತ್ತು ಹೋಗುತ್ತದೆ. ಕಾಲಿಗೆ ಹಗುರ, ಏರಿಗೆ ಅನುಕೂಲ, ಓಟ ಮಾತ್ರ ಕಡಿಮೆ. ಹಿಂದೆ ಹದಿನೆಂಟೇ ಇದ್ದರೆ ಅದೇ ಒಂದು ಸುತ್ತಿಗೆ ಗಾಲಿ ಹೆಚ್ಚುಕಡಿಮೆ ಎರಡೂವರೆ ಸುತ್ತು ಹೋಗುತ್ತದೆ. ಓಟ ಬರುತ್ತದೆ, ಏರಿನಲ್ಲಿ ತೊಡೆ ಬಿಗಿಯುತ್ತದೆ. ಬೇಕಾದಾಗ ಗೇರು ಬದಲಿಸುವ ಮೂರು ಸ್ಪೀಡಿನ ವಿಲಾಯತಿ ಗಾಲಿ ಇಡೀ ಮಲಾಡಿಗೆ ಒಬ್ಬ ಪಾರ್ಸಿ ಡಾಕ್ಟರರ ಸೈಕಲ್ಲಿಗೆ ಮಾತ್ರ ಇತ್ತು. ಉಳಿದವರು ಒಂದೇ ಫ್ರೀವೀಲಿನ ಮೇಲೆ ಟಾರು, ಕೆಸರು, ಮರಳು, ಏರು ಎಲ್ಲವನ್ನೂ ಸಂಭಾಳಿಸಬೇಕು. ಎಷ್ಟು ಹಲ್ಲಿನದು ಹಾಕಬೇಕು ಎಂಬುದಕ್ಕೆ ಮುರಿಗೆಪ್ಪನ ಮಾತೇ ಕೊನೆಯ ಮಾತು. ಎಲ್ಲಿಗೆ ಹೋಗತೀರಿ, ಎಷ್ಟು ಭಾರ ಹೊರತೀರಿ, ಎಲ್ಲಕ್ಕಿಂತ ಕೆಟ್ಟ ದಾರಿ ಯಾವುದು ಎಂದು ಕೇಳುತ್ತಿದ್ದ. ಆ ಕೆಟ್ಟ ದಾರಿಗೆ ತಕ್ಕ ಹಲ್ಲು ಹಾಕಿ, ನನ್ನ ಕೈಯಿಂದ ಹೋದ ಗಾಡಿಯ ಮೇಲಿಂದ ಯಾವನೂ ಇಳಿದು ತಳ್ಳಬೇಕಾಗಿಲ್ಲ ಎಂದು ಎದೆ ಸೆಟೆಸಿ ಹೇಳುತ್ತಿದ್ದ. ಈ ಮಾತನ್ನು ದೂಜ ಊರೆಲ್ಲ ಸಾರಿಕೊಂಡು ಬರುತ್ತಿದ್ದ.

ಇಳಿಯುವುದು ಎಂದರೆ ಮುರಿಗೆಪ್ಪನಿಗೆ ಏಕೆ ಅಷ್ಟು ಅಸಹ್ಯ ಎಂಬುದು ಅವನ ಹೆಂಡತಿ ಕಾಶವ್ವನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಸಿಂದಗಿ ಕಡೆಯ ಅವನ ಊರಿನಲ್ಲಿ ಗೌಡರ ವಾಡೆಯ ಮುಂದೆ ಸೈಕಲ್ ಮೇಲೆ ಕುಳಿತು ಹೋಗುವ ಹಾಗಿರಲಿಲ್ಲ. ಇಳಿದು, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ತಳ್ಳಿಕೊಂಡು ದಾಟಬೇಕು. ಇಪ್ಪತ್ತೆರಡರ ಹರೆಯದಲ್ಲಿ ಸೋಲಾಪುರದಿಂದ ಹಳೇ ಸೈಕಲ್ಲೊಂದನ್ನು ತಂದ ಮುರಿಗೆಪ್ಪ ಒಂದು ದಿನ ಇಳಿಯದೆ ಹೋದ. ಮರುದಿನ ಬೆಳಿಗ್ಗೆ ಅವನನ್ನು ಹಿಡಿದು ತಂದು, ಅದೇ ಸೈಕಲ್ಲನ್ನು ಹೆಗಲ ಮೇಲೆ ಹೊರಿಸಿ, ವಾಡೆಯ ಮುಂದೆ ಏಳು ಸಲ ಅತ್ತಿಂದಿತ್ತ ನಡೆಸಿದರು. ನೋಡುತ್ತ ನಿಂತವರಲ್ಲಿ ಅವನ ತಾಯಿಯೂ ಇದ್ದಳು. ಆ ವಾರವೇ ಅವನು ಮುಂಬಯಿಯ ರೈಲು ಹತ್ತಿದ. ಅದಾಗಿ ಹದಿನೆಂಟು ವರ್ಷವಾಗಿತ್ತು. ಈ ಹದಿನೆಂಟು ವರ್ಷದಲ್ಲಿ ಅವನು ದಾರಿ ನಡುವೆ ಸೈಕಲ್ಲಿನಿಂದ ಇಳಿದವನಲ್ಲ.

ಸಾವಿರದ ಒಂಬೈನೂರ ಐವತ್ತನಾಲ್ಕರ ಮಳೆಗಾಲ ಮುಗಿದ ಮೇಲೆ ಶೀಲಾವತಿ ಎಂಬ ನರ್ಸ್ ಬಾಯಿ ಒಂದು ಲೇಡೀಸ್ ಸೈಕಲ್ ತಳ್ಳಿಕೊಂಡು ಅಂಗಡಿಗೆ ಬಂದಳು. ಉಡುಪಿಯ ಹತ್ತಿರ ಕಾಪು ಎಂಬಲ್ಲಿಯವಳು, ಮೂವತ್ತರ ಆಸುಪಾಸು, ಗಂಡನಿಲ್ಲ. ಒಂದು ಧರ್ಮಾರ್ಥ ದವಾಖಾನೆಯವರು ಆಕೆಯನ್ನು ಸುತ್ತಲಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವ ಕೆಲಸಕ್ಕೆ ತೆಗೆದುಕೊಂಡಿದ್ದರು, ಮೂರು ತಿಂಗಳ ಪರೀಕ್ಷೆಯ ಮೇಲೆ. ದವಾಖಾನೆಯ ಮ್ಯಾನೇಜರ್ ರಮಾನಾಥ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ: ಕರೆ ಬಂದ ಮೇಲೆ ಕೂಸು ಹುಟ್ಟುವುದರೊಳಗೆ ತಲುಪಬೇಕು, ಮೂರು ಸಲ ತಪ್ಪಿದರೆ ಕೆಲಸವಿಲ್ಲ. ಕೆಲಸ ಹೋದರೆ ಆಕೆ ವಡಾಲದಲ್ಲಿ ಅಣ್ಣನ ಒಂದು ಕೋಣೆಯ ಮನೆಗೆ, ಅತ್ತಿಗೆಯ ಮುಖ ನೋಡಿಕೊಂಡು ಇರಲು, ಹಿಂತಿರುಗಬೇಕಾಗಿತ್ತು.

ಮುರಿಗೆಪ್ಪ ತನ್ನ ಪ್ರಶ್ನೆಗಳನ್ನು ಕೇಳಿದ. ಆಕೆ ಹೇಳಿದಳು. ಪಶ್ಚಿಮಕ್ಕೆ ಮಾಲವಣಿ, ಅಲ್ಲಿಂದ ಮಾರ್ವೆಯ ಮೀನುಗಾರರ ಕೇರಿ. ಮೂರು ಮೈಲಿಗೂ ಮೇಲೆ ಟಾರು, ಆಮೇಲೆ ಉಪ್ಪಿನ ಗದ್ದೆಯ ಬದು, ಕೊನೆಗೆ ಮರಳು. ಪೂರ್ವಕ್ಕೆ ಕುರಾರದ ಆಚೆ ಕಲ್ಲಿನ ಖಾಣಿ. ಅಲ್ಲಿ ಕಲ್ಲು ಒಡೆಯುವವರೆಲ್ಲ ವಿಜಾಪುರದ ಕಡೆಯ ಜನ, ದಾರಿ ಪೂರ್ತಿ ಏರು. ಮರಳು ಮತ್ತು ಏರು ಎಂಬ ಎರಡು ಮಾತು ಕಿವಿಗೆ ಬಿದ್ದದ್ದೇ ತಡ, ಮುರಿಗೆಪ್ಪ ಹದಿನೆಂಟರ ಫ್ರೀವೀಲ್ ಬಿಚ್ಚಿ ಇಪ್ಪತ್ತೆರಡರದನ್ನು ಕೂಡಿಸಿ, ಚೈನಿಗೆ ಒಂದು ಜೊತೆ ಕೊಂಡಿ ಸೇರಿಸಿದ. ಹದಿನೆಂಟೇ ಇರಲಿ ಎಂದು ಆಕೆ ಹೇಳಿ ನೋಡಿದಳು. ಅವನು ನಕ್ಕುಬಿಟ್ಟ. ಹೆಣ್ಣುಮಗಳು, ಬಿಳಿ ಸೀರೆ ಉಟ್ಟವಳು, ತನ್ನ ಗಾಡಿಯಿಂದ ಮರಳಿನಲ್ಲಿ ಇಳಿದು ಹತ್ತು ಜನರ ಮುಂದೆ ತಳ್ಳುವುದೆಂದರೇನು ಎಂದು ಅವನಿಗೆ ನಿಜವಾಗಿಯೂ ಸಂಕಟವಾಯಿತು. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದು ತಿಳಿದಿದ್ದ. ಬೇರೆಯವರ ಕಾಲಿನ ಬಗ್ಗೆ ನಿರ್ಧಾರ ಮಾಡುವವರೆಲ್ಲ ಹಾಗೆಯೇ ತಿಳಿದಿರುತ್ತಾರೆ.

ಹನ್ನೊಂದನೆಯ ವಾರಕ್ಕೆ ಆಕೆ ಮತ್ತೆ ಬಂದಳು. ಎರಡು ಸಲ ತಪ್ಪಿತ್ತು. ಎರಡೂ ಮಾರ್ವೆಯಲ್ಲೇ. ಆಕೆ ತಲುಪುವಷ್ಟರಲ್ಲಿ ಕೇರಿಯ ಮುದುಕಿಯರು ಹೊಕ್ಕುಳುಬಳ್ಳಿ ಕೊಯ್ದು ಕೂಸನ್ನು ಒರೆಸುತ್ತಿದ್ದರು. ತಾಯಿ, ಕೂಸು ಚೆನ್ನಾಗಿಯೇ ಇದ್ದರು, ಅದು ಅವರ ಪುಣ್ಯ. ರಮಾನಾಥ ಎರಡು ಬೆರಳು ಎತ್ತಿ ತೋರಿಸಿದ್ದ. ಹಲ್ಲು ಬದಲಿಸಿಕೊಡಿ ಎಂದು ಶೀಲಾವತಿ ಕೇಳಿದಾಗ ಮುರಿಗೆಪ್ಪನಿಗೆ ಸಿಟ್ಟು ಬಂತು. ತುಳಿಯುವುದು ಸರಿಯಿಲ್ಲ, ಸೀಟು ಇನ್ನೊಂದು ಬೆರಳು ಮೇಲೆ ಬೇಕು, ಮರಳಿನಲ್ಲಿ ಒಂದೇ ಸಮ ತುಳಿಯಬೇಕು ಎಂದು ಪಾಠ ಶುರು ಮಾಡಿದ.

ಆಕೆ ಪಾಠ ಮುಗಿಯುವವರೆಗೆ ತಾಳಿಕೊಂಡು ನಿಂತಿದ್ದು, ಆಮೇಲೆ ಹೇಳಿದಳು: “ಮುರಿಗೆಪ್ಪನವರೇ, ಮರಳಲ್ಲಿ ನಾನು ತುಳಿಯುವುದೇ ಇಲ್ಲ ಮಾರಾಯ್ರೆ, ಇಳೀತೇನೆ. ನನ್ನ ಹೊತ್ತು ಹೋಗುವುದು ಟಾರು ರಸ್ತೆಯಲ್ಲಿ.”

“ನನ್ನ ಗಾಡಿ ಮ್ಯಾಲಿಂದ ಇಳೀತೀರಿ?” ಎಂದ ಮುರಿಗೆಪ್ಪ. ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ.

“ಇಳಿಯದೆ? ಕೂತುಕೊಂಡು ಹೋಗಲಿಕ್ಕೆ ಅದೇನು ಪಲ್ಲಕ್ಕಿಯಾ?”

ದೂಜ ಪಕ್ಕದಲ್ಲಿ ಕಿಸಕ್ಕನೆ ನಕ್ಕ. ಮುರಿಗೆಪ್ಪ ಸೈಕಲ್ಲನ್ನು ಮುಟ್ಟಲಿಲ್ಲ. ಆಕೆ ಬಂದ ಹಾಗೆಯೇ ಹೊರಟುಹೋದಳು.

ಮನೆಯಲ್ಲಿ ಕಾಶವ್ವನಿಗೆ ಈ ವರದಿ ಒಪ್ಪಿಸಿದ, ಆಕೆ ತನ್ನ ಪರ ಮಾತಾಡಿಯಾಳು ಎಂದುಕೊಂಡು. ಕಾಶವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ಆಕೆಯ ಗಾಡಿ, ಆಕೆಯ ಕಾಲು, ಇಳಿಯುವುದು ಏರುವುದು ಆಕೆಗೆ ಬಿಟ್ಟದ್ದು, ನಡುವೆ ನಿಮ್ಮದೇನು ಎಂದು ಕೇಳಿದಳು. ಅಷ್ಟಕ್ಕೇ ಬಿಡದೆ, ಒಮ್ಮೆಯಾದರೂ ಆಕೆಯ ಹಿಂದೆ ಹೋಗಿ ದಾರಿ ನೋಡಿದ್ದೀರಾ ಎಂದಳು. ನೋಡಿರಲಿಲ್ಲ. ಯಾರ ದಾರಿಯನ್ನೂ ಅವನು ನೋಡಿರಲಿಲ್ಲ, ಕೂತಲ್ಲೇ ಕೇಳಿ ಹೇಳುತ್ತಿದ್ದ.

ಮರುದಿನ ಅಂಗಡಿಗೆ ಬೀಗ ಜಡಿದು, ತನ್ನ ಇಪ್ಪತ್ತು ಹಲ್ಲಿನ ಸೈಕಲ್ ಹತ್ತಿ ಶೀಲಾವತಿಯ ಜೊತೆ ಮಾರ್ವೆಗೆ ಹೊರಟ. ಆಕೆ ಬೇಡವೆನ್ನಲಿಲ್ಲ. ಟಾರು ರಸ್ತೆಯಲ್ಲಿ ಅರ್ಧ ಮೈಲಿ ಹೋಗುವಷ್ಟರಲ್ಲಿ ಅವನಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ತಾನು ಆರಾಮವಾಗಿ ತುಳಿಯುತ್ತಿದ್ದೇನೆ, ಆಕೆಯ ಕಾಲುಗಳು ಮಾತ್ರ ಹೊಲಿಗೆ ಮಿಷನ್ನಿನ ಹಾಗೆ ಗಿರಗಿರ ತಿರುಗುತ್ತಿವೆ, ಆದರೂ ಆಕೆ ಹಿಂದೆ ಬೀಳುತ್ತಿದ್ದಾಳೆ. ಮಾಲವಣಿ ಮುಟ್ಟುವಾಗ ಆಕೆಯ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ದಾರಿ ಒಂದಿಷ್ಟೂ ಏರಿರಲಿಲ್ಲ.

ಉಪ್ಪಿನ ಗದ್ದೆಯ ಬದು ಬಂದಾಗ ಶೀಲಾವತಿ ಸೈಕಲ್ ನಿಲ್ಲಿಸದೆಯೇ, ಓಡುತ್ತಿರುವಾಗಲೇ ಒಂದು ಕಾಲು ಈಚೆ ತಂದು ಜಿಗಿದು ಇಳಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸೈಕಲ್ಲನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಒಡೆದು ನೀರು ನುಗ್ಗಿದ್ದ ಜಾಗವನ್ನು ನಾಲ್ಕು ದಾಪುಗಾಲಿನಲ್ಲಿ ದಾಟಿದಳು. ಮುರಿಗೆಪ್ಪ ಇಳಿಯದೆ ನೀರಿನಲ್ಲೇ ತುಳಿದುಕೊಂಡು ಹಿಂದೆ ದಾಟಿದ. ಉಪ್ಪು ಎಳೆಯುತ್ತಿದ್ದ ಏಳೆಂಟು ಮಂದಿ ಅಲ್ಲೇ ಇದ್ದರು. ಈಗ ಇವರು ನಗುತ್ತಾರೆ ಎಂದು ಅವನು ಅವರ ಮುಖಗಳನ್ನೇ ನೋಡಿದ. ಅವರಲ್ಲೊಬ್ಬ ಆಕೆಗೆ ನಮಸ್ಕಾರ ಮಾಡಿ, ಮಗಳ ಜ್ವರ ಬಿಟ್ಟಿತು ಎಂದು ಮರಾಠಿಯಲ್ಲಿ ಕೂಗಿ ಹೇಳಿದ. ಹೆಗಲ ಮೇಲೆ ಸೈಕಲ್ ಹೊತ್ತವಳು ಹಾಗೇ ತಿರುಗಿ, ಇನ್ನೂ ಎರಡು ದಿನ ಔಷಧ ಕೊಡು ಎಂದಳು. ಮರಳು ಬಂದಾಗಲೂ ಆಕೆ ಹಾಗೆಯೇ ಜಿಗಿದಿಳಿದು, ಸೈಕಲ್ಲನ್ನು ಪಕ್ಕದಲ್ಲಿ ಹಿಡಿದು ಓಡಿದಳು. ಮುರಿಗೆಪ್ಪ ಹಟಕ್ಕೆ ಬಿದ್ದು ತುಳಿದ. ಗಾಲಿ ಹೂತು, ಹೊರಳಾಡಿಕೊಂಡು ಅವನು ಕೇರಿ ಸೇರುವಾಗ ಆಕೆ ಒಬ್ಬ ಬಸುರಿಯನ್ನು ನೋಡಿ ಮುಗಿಸಿ ಕೈ ತೊಳೆಯುತ್ತಿದ್ದಳು.

ವಾಪಸು ಬಂದು ಅವನು ಹದಿನೆಂಟರ ಫ್ರೀವೀಲನ್ನು ಹುಡುಕಿ ತೆಗೆದು, ಸೀಮೆ ಎಣ್ಣೆಯಲ್ಲಿ ತೊಳೆದು ಕೂಡಿಸಿದ. ಮಾರ್ವೆಯ ಮಟ್ಟಿಗೆ ಅವನಿಗೆ ಸಂಶಯ ಉಳಿದಿರಲಿಲ್ಲ. ಖಾಣಿಯ ಏರಿನದೇ ಚಿಂತೆ. ಮಾರ್ವೆಯವರು ಬೇರೆ ಜನ, ಖಾಣಿಯವರು ತನ್ನ ಕಡೆಯವರು. ಸೈಕಲ್ಲಿನಿಂದ ಇಳಿಯುವುದೆಂದರೇನು ಎಂದು ಆ ಜನಕ್ಕೆ ಚೆನ್ನಾಗಿ ಗೊತ್ತಿತ್ತು. ಅವರ ಕಣ್ಣಮುಂದೆ ಈಕೆ ತಳ್ಳಿಕೊಂಡು ಹೋಗಬೇಕೇ? ನಾಳೆ ತೆಗೆದುಕೊಂಡು ಹೋಗಿ ಎಂದು ಆಕೆಗೆ ಹೇಳಿ ಕಳಿಸಿ, ಆ ಸಂಜೆ ತಾನೇ ಲೇಡೀಸ್ ಸೈಕಲ್ ಹತ್ತಿ, ಮಂಡಿ ಹ್ಯಾಂಡಲಿಗೆ ತಾಗಿಸಿಕೊಂಡು ಖಾಣಿಯ ಕಡೆ ಹೋದ.

ಮೊದಲ ತಿರುವನ್ನು ಸೀಟಿನಿಂದ ಎದ್ದು ನಿಂತು ತುಳಿದು ದಾಟಿದ. ಎರಡನೆಯ ತಿರುವಿನಲ್ಲಿ, ಸಿಡಿಮದ್ದು ಇಟ್ಟು ಒಡೆಯದೆ ಹಾಗೇ ಬಿಟ್ಟ ಒಂದು ದೊಡ್ಡ ಬಂಡೆಯ ಹತ್ತಿರ, ತೊಡೆ ಸೋತುಹೋಯಿತು. ಪೆಡಲ್ ನಡುದಾರಿಯಲ್ಲಿ ನಿಂತಿತು. ನಲವತ್ತರ ದೇಹ, ಹಲ್ಲು ಹದಿನೆಂಟು, ಮಾಡುವುದೇನು? ಬಿದ್ದರೆ ಬೀಳುತ್ತೇನೆ, ಇಳಿಯಲಾರೆ ಎಂದು ಒಂದು ಕ್ಷಣ ಅನ್ನಿಸಿತು. ಆಮೇಲೆ ಇಳಿದ.

ಇಳಿದವನು ಹ್ಯಾಂಡಲ್ ಹಿಡಿದು ಸುಮ್ಮನೆ ನಿಂತ. ಎದೆ ಬಡಿದುಕೊಳ್ಳುತ್ತಿತ್ತು, ಅದು ಬರೀ ದಣಿವಿನಿಂದಲ್ಲ. ಕೆಲಸ ಬಿಟ್ಟ ಖಾಣಿಯ ಹೆಂಗಸರು ಬುಟ್ಟಿ ಹೊತ್ತು ಇಳಿದು ಬರುತ್ತಿದ್ದರು. ಅವರ ಮಾತು ತನ್ನ ಊರಿನ ಮಾತು, ಒಂದೊಂದೂ ಸ್ಪಷ್ಟವಾಗಿ ಕೇಳುತ್ತಿತ್ತು. ಯಾರೂ ನಿಲ್ಲಲಿಲ್ಲ, ಯಾರೂ ನಗಲಿಲ್ಲ. ಕೊನೆಯಲ್ಲಿ ಬಂದವಳು ಬಸುರಿ, ದಿನ ತುಂಬಿದವಳು. ತುಸು ಸರೀರಿ ಯಣ್ಣಾ ಎಂದು ಅವನನ್ನು ಸರಿಸಿ ದಾಟಿ ಹೋದಳು. ಮುರಿಗೆಪ್ಪ ಉಳಿದ ಏರನ್ನು ತಳ್ಳಿಕೊಂಡು ಹತ್ತಿ, ತುದಿಯಲ್ಲಿ ಸೈಕಲ್ ತಿರುಗಿಸಿ, ಇಳಿಜಾರಿನಲ್ಲಿ ಕೂತು ಮನೆಗೆ ಬಂದ. ತಳ್ಳಿದ್ದು ಲೆಕ್ಕ ಹಾಕಿದರೆ ಐದು ನಿಮಿಷವೂ ಆಗಿರಲಿಲ್ಲ. ಈ ಸಂಗತಿಯನ್ನು ಅವನು ಕಾಶವ್ವನಿಗೂ ಹೇಳಲಿಲ್ಲ. ಹದಿನೆಂಟೇ ಸಾಕು ಎಂದಷ್ಟೇ ಹೇಳಿ ಮರುದಿನ ಶೀಲಾವತಿಗೆ ಸೈಕಲ್ ಕೊಟ್ಟ.

ಇದಾದ ಮರುದಿನ, ಪರೀಕ್ಷೆಯ ಅವಧಿ ಮುಗಿಯಲು ಇನ್ನು ಒಂಬತ್ತು ದಿನ ಉಳಿದಿತ್ತು. ಅಂದು ಮಧ್ಯಾಹ್ನ ಖಾಣಿಯಿಂದ ಒಬ್ಬ ಗಂಡಸು ದವಾಖಾನೆಗೆ ಓಡಿಬಂದ. ಅಲ್ಲಿಯ ರಾಚವ್ವನಿಗೆ ಹೆರಿಗೆ ನೋವು ಕಾಣಿಸಿಕೊಂಡಿತ್ತು, ಮೊದಲ ಎರಡು ಹೆರಿಗೆಯೂ ಕೆಟ್ಟಿದ್ದವಳು. ಶೀಲಾವತಿ ಇದ್ದದ್ದು ತದ್ವಿರುದ್ಧ ದಿಕ್ಕಿನ ಮಾಲವಣಿಯಲ್ಲಿ. ಕಂಪೌಂಡರ್ ಅಲ್ಲಿಗೆ ಆಳು ಓಡಿಸಿದ, ಆ ಆಳು ಹೋಗುತ್ತ ಅಂಗಡಿಯಲ್ಲೂ ಸುದ್ದಿ ಹೇಳಿದ. ಸ್ವಲ್ಪ ಹೊತ್ತಿನ ಮೇಲೆ ಆಕೆ ಅಂಗಡಿಯ ಮುಂದೆಯೇ ಹಾದುಹೋದಳು. ಮುರಿಗೆಪ್ಪ ಆಕೆಯ ಮುಖ ನೋಡಲಿಲ್ಲ, ಕಾಲು ನೋಡಿದ. ಗಿರಗಿರ ಇರಲಿಲ್ಲ. ಉದ್ದಕ್ಕೆ, ನಿಧಾನಕ್ಕೆ, ಒಂದೊಂದೇ ತುಳಿತ, ಸೈಕಲ್ ಮಾತ್ರ ಬಾಣದ ಹಾಗೆ ಹೋಗುತ್ತಿತ್ತು. ಫಾಟಕ ತೆರೆದೇ ಇತ್ತು. ಅಲ್ಲಿಂದ ಮುಂದೆ ಅವನ ಕೈ ಕೆಲಸಕ್ಕೆ ಹೋಗಲಿಲ್ಲ. ಎರಡನೇ ತಿರುವಿನ ಬಂಡೆಯೇ ಕಣ್ಣಮುಂದೆ ಬರುತ್ತಿತ್ತು. ಆಕೆ ತಡವಾದರೆ ಕೆಲಸ ಹೋದಂತೆ, ಆ ರಾಚವ್ವನ ಗತಿ ಏನೋ, ಎರಡಕ್ಕೂ ತಾನೇ ಹೊಣೆ ಎಂದು ಕೂತ.

ಸಂಜೆ ದೂಜನೂ ಇನ್ನಿಬ್ಬರು ಹಾಲಿನವರೂ ಅಂಗಡಿಯಲ್ಲಿದ್ದಾಗ ಶೀಲಾವತಿ ಬಂದು ಬ್ರೇಕು ಹಾಕಿದಳು. ಆಕೆಯೇ ಹೇಳಿದಳು. ತಾನು ಕೈ ತೊಳೆದುಕೊಂಡು ಕೂತು ಅರ್ಧ ಗಂಟೆಯ ಮೇಲೆ ಹುಟ್ಟಿದ್ದು, ಹೆಣ್ಣು. ಕೂಸಿನ ಕೊರಳಿಗೆ ಹೊಕ್ಕುಳುಬಳ್ಳಿ ಸುತ್ತಿತ್ತು, ಬಿಡಿಸಿದ್ದಾಯಿತು, ಈಗ ಇಬ್ಬರೂ ಆರಾಮ. ರಮಾನಾಥ ನಾಳೆಯೇ ಕೆಲಸ ಕಾಯಂ ಎಂದು ಕಾಗದ ಮಾಡಿಕೊಡುತ್ತಾನಂತೆ.

ಮುರಿಗೆಪ್ಪ ದೊಡ್ಡದೊಂದು ಉಸಿರು ಬಿಟ್ಟ. “ಏರಿನ್ಯಾಗ ಏನ್ ಮಾಡಿದ್ರಿ?” ಎಂದು ಕೇಳಿದ.

“ಇಳಿದೆ. ಎರಡನೇ ತಿರುವಲ್ಲಿ ಬಂಡೆ ಉಂಟಲ್ಲ, ಅಲ್ಲಿಂದ ತಳ್ಳಿಕೊಂಡು ಓಡಿದೆ.”

ದೂಜ ತೊಡೆ ತಟ್ಟಿಕೊಂಡು ನಕ್ಕ. ಮುರಿಗೆಪ್ಪನ ಗಾಡಿಯಿಂದ ಇಳಿದವರು ಇವತ್ತು ಸಿಕ್ಕರಲ್ಲ, ಕೇಳಿ ನೋಡಿ ಎಂದು ಹಾಲಿನವರಿಗೆ ಹಿಂದಿಯಲ್ಲಿ ಬಿಡಿಸಿ ಹೇಳಿದ. ಅವರೂ ನಗಲು ಶುರು ಮಾಡಿದರು. ಶೀಲಾವತಿಗೆ ಇದರಲ್ಲಿ ನಗುವಂಥದ್ದು ಏನೆಂದು ಅರ್ಥವಾಗಲಿಲ್ಲ.

“ನಗಬ್ಯಾಡೋ ದೂಜಾ,” ಎಂದ ಮುರಿಗೆಪ್ಪ. “ಅದು ಇಳಿಯೂ ಜಾಗಾನ ಐತಿ. ಮೊನ್ನಿ ನಾನೂ ಅಲ್ಲೇ ಇಳದಿದ್ದೆ.”

ದೂಜ ನಗು ನಿಲ್ಲಿಸಿ ಅವನ ಮುಖ ನೋಡಿದ. ಹಾಲಿನವರೂ ನೋಡಿದರು. ಮುರಿಗೆಪ್ಪ ತಲೆ ತಗ್ಗಿಸಲಿಲ್ಲ.