ಮಧ್ಯಾಹ್ನದ ಹೆಬ್ಬೆಟ್ಟು

ವೈನಿ, ಔರಂಗಾಬಾದಿನ ನಿಮ್ಮ ಮನೆಯನ್ನು ನಾನು ಮಾರಿದ್ದು ನೀವು ಒಪ್ಪಿದ್ದರಿಂದಲ್ಲ. ನೀವು ಬೇಡವೆಂದಿದ್ದಿರಿ. ಬೇಡವೆಂದದ್ದು ನಿಮಗೆ ಮರೆತುಹೋಗುವ ಹೊತ್ತಿಗಾಗಿ ಕಾದು, ಹೆಬ್ಬೆಟ್ಟು ಒತ್ತಿಸಿಕೊಂಡೆ.

ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯಾದ ನಿಮ್ಮನ್ನು ನಾಶಿಕದ ನಮ್ಮ ಬಾಡಿಗೆ ಮನೆಗೆ ಕರೆತಂದವನು ನಾನೇ. ಆಗಲೇ ಮರೆವಿನ ರೋಗ ಹಿಡಿದಿತ್ತು. ಪಿಂಚಣಿ, ಪಾಸ್‌ಬುಕ್ಕು, ಆಸ್ಪತ್ರೆ — ಎಲ್ಲವೂ ನನ್ನ ಕೈಯಲ್ಲಿ. ಬೀದರಿನಿಂದ ವರ್ಗವಾಗಿ ಬಂದ ಬ್ಯಾಂಕಿನವನು ನಾನು. ಬುದ್ಧಿ ಸ್ತಿಮಿತದಲ್ಲಿಲ್ಲದ ತಾಯಿಯ ಹೆಬ್ಬೆಟ್ಟು ಹಾಕಿಸಿ ತಂದ ಎಷ್ಟೋ ಮಕ್ಕಳನ್ನು "ಕೋರ್ಟಿನ ಆದೇಶ ತನ್ನಿ" ಎಂದು ಕೌಂಟರಿನಿಂದ ವಾಪಸು ಕಳಿಸಿದವನು. ಬೇಲಿಯೇ ಎದ್ದು ಹೊಲ ಮೇಯ್ದಿತು ಅನ್ನುತ್ತಾರಲ್ಲ — ಈ ಬೇಲಿಗೆ ಕಾನೂನೂ ಗೊತ್ತಿತ್ತು.

ನಿಮ್ಮ ದಿನ ನನಗೆ ಬಾಯಿಪಾಠವಾಗಿತ್ತು. ಬೆಳಿಗ್ಗೆ ನೀವು ನೀವೇ. ಊಟವಾದ ಮೇಲೆ ಮಂಕು ಕವಿಯುತ್ತಿತ್ತು. ಯಾರು ಏನು ಕೇಳಿದರೂ ನಕ್ಕು ಮರಾಠಿಯಲ್ಲಿ "ಹೋ", ಹೌದು, ಅನ್ನುತ್ತಿದ್ದಿರಿ. ನನಗೊಂದು ಫ್ಲ್ಯಾಟ್ ಬೇಕಿತ್ತು, ಹಣ ಸಾಲುತ್ತಿರಲಿಲ್ಲ. ಮನೆಯ ಮಾತನ್ನು ಮೊದಲ ಸಲ ಎತ್ತಿದ್ದು ಬೆಳಿಗ್ಗೆ.

"ಬ್ಯಾಡಪಾ ಬಸು. ನಾ ಇರೋತನಕ ಅದೊಂದು ಇರ್ಲಿ. ಆರಾಮ್ ಆದ್ಮ್ಯಾಲ ನಾ ಅಲ್ಲೇ ಹೋಗಿ ಇರ್ತೀನಿ."

ಆಯ್ತ್ರಿ ಅಂದೆ. ಗಿರಾಕಿಯನ್ನೂ ನೋಂದಣಿಯ ದಿನವನ್ನೂ ಗೊತ್ತುಮಾಡಿದೆ.

ಅಂದು ಬಾಡಿಗೆ ಕಾರಿನಲ್ಲಿ ಔರಂಗಾಬಾದಿಗೆ ಹೊರಟೆವು. ನಿಫಾಡ್ ದಾಟುವಾಗ ದ್ರಾಕ್ಷಿ ಈ ಸಲ ಹುಳಿಯೋ ಸಿಹಿಯೋ ಎಂದು ಡ್ರೈವರನ ತಲೆ ತಿನ್ನುತ್ತಿದ್ದಿರಿ — ಅಷ್ಟು ಚುರುಕು. ನೇರ ಹೋದರೆ ಹನ್ನೊಂದಕ್ಕೇ ಕಚೇರಿ ಮುಟ್ಟುತ್ತೇವೆ ಎಂದು ನನಗೆ ದಿಗಿಲಾಯಿತು. ಕಾರನ್ನು ಎಲ್ಲೋರದ ವೇರೂಳಿಗೆ ತಿರುಗಿಸಿದೆ. ಘೃಷ್ಣೇಶ್ವರನ ದರ್ಶನ, ಅಭಿಷೇಕ, ನಿಧಾನವಾಗಿ ಊಟ... ಹೊತ್ತು ಕಳೆಯಲು ದೇವರನ್ನೂ ಬಿಡಲಿಲ್ಲ. ನೀವು ನನ್ನ ತಲೆಯ ಮೇಲೆ ಕೈಯಿಟ್ಟಿರಿ. "ಇಷ್ಟ್ ನೆನಿಸಿ ಯಾರ್ ಕರ್ಕೊಂಡ್ ಬರ್ತಾರಪಾ," ಎಂದು ಕಣ್ಣೊರೆಸಿಕೊಂಡಿರಿ. ನಾನು ಗಡಿಯಾರ ನೋಡಿದೆ.

ಮೂರು ಗಂಟೆಗೆ ನೋಂದಣಿ ಕಚೇರಿ. "ಮಾವ್ಶಿ, ರಾಜಿಖುಷೀನಂ ದೇತಾಯ್ ನಾ?" — ಸ್ವಂತ ಇಚ್ಛೆಯಿಂದಲೇ ತಾನೇ ಕೊಡುವುದು ಎಂದು ಗುಮಾಸ್ತ ಮರಾಠಿಯಲ್ಲಿ ಕೇಳಿದ. ನೀವು ನಕ್ಕು "ಹೋ" ಅಂದಿರಿ. ನಿಮ್ಮ ಹೆಬ್ಬೆರಳನ್ನು ಹಿಡಿದು ಶಾಯಿಗೆ ಒತ್ತಿದ ಕೈ ನನ್ನದು. ಆ ಬೆರಳು ಬೆಚ್ಚಗಿತ್ತು. ಈಗಲೂ ಕೆಲವೊಮ್ಮೆ ಪೆನ್ನು ಹಿಡಿದರೆ ಅದೇ ಸಿಕ್ಕಂತಾಗುತ್ತದೆ.

ಔಷಧದ ಖರ್ಚಿಗೆ ಮಾರಿದೆ ಎಂದು ನೆಂಟರಿಗೆ ಹೇಳಿದೆ. ಔಷಧಕ್ಕೆ ನಿಮ್ಮ ಪಿಂಚಣಿಯೇ ಸಾಕಾಗುತ್ತಿತ್ತು.

ಮರುದಿನ ಬೆಳಿಗ್ಗೆ ಚಹಾ ಕೊಡುವಾಗ ನೀವು ಹೆಬ್ಬೆರಳನ್ನೇ ನೋಡುತ್ತಿದ್ದಿರಿ. ಎಣ್ಣೆ ಹಚ್ಚಿ ಒರೆಸಿದ್ದರೂ ಉಗುರಿನ ಅಂಚಿನಲ್ಲಿ ನೀಲಿ ಉಳಿದಿತ್ತು.

"ಬಸು, ನಿನ್ನೆ ಓಟ್ ಹಾಕಿ ಬಂದ್ನೇನೋ?"

"ಹೌದ್ರಿ ವೈನಿ."

"ನಂಗ್ ಬೇಕಾದೋರ್ಗೇ ಹಾಕೀನಿಲ್ಲೋ?"

"ಹೌದ್ರಿ. ನಿಮ್ಗ್ ಬೇಕಾದೋರ್ಗೇ."

ಸಮಾಧಾನದಿಂದ ಚಹಾ ಕುಡಿದಿರಿ. ಅದು ನಿಮ್ಮ ಬೆಳಗಿನ ಹೊತ್ತು — ನಿಜ ಹೇಳಿದ್ದರೆ ನಿಮಗೆ ಪೂರ್ತಿ ತಿಳಿಯುತ್ತಿತ್ತು, ಬೈಯುತ್ತಿದ್ದಿರಿ, ಅಳುತ್ತಿದ್ದಿರಿ. ಆಮೇಲೂ ಮೂರು ವರ್ಷ ಬದುಕಿದಿರಿ. ಅಷ್ಟೂ ಬೆಳಗುಗಳಲ್ಲಿ ನಾನು ಬೇಗ ಎದ್ದು, ನೀವು ಏಳುವ ಮೊದಲೇ ಬ್ಯಾಂಕಿಗೆ ಹೊರಟುಬಿಡುತ್ತಿದ್ದೆ.