ಏಳನೇ ರೋಗಿ

ಗಂಗಾ ಹೆಗಡೆ ಸಿದ್ದಾಪುರ ಬಸ್ ಸ್ಟ್ಯಾಂಡಿನ ಹತ್ತಿರ ಟೈಪಿಂಗ್, ಜೆರಾಕ್ಸ್ ಅಂಗಡಿ ನಡೆಸುತ್ತಾಳೆ. ಒಂದು ಕೊಂಬು ತಪ್ಪಿದ್ದರೂ ಬರೆದವರಿಗೆ ಫೋನ್ ಮಾಡಿ ಬೈಯುವ ಹೆಂಗಸು. ಮೈಯಲ್ಲಿರುವುದು ಒಂದೇ ಕಿಡ್ನಿ. ಇನ್ನೊಂದು, ಗಂಡ ರಾಮನ ಚಿತೆಯಲ್ಲಿ ಸುಟ್ಟುಹೋಯಿತು.

ರಾಮನಿಗೆ ಮೊದಲು ಮೂತ್ರಕೋಶದಲ್ಲಿ ಕ್ಯಾನ್ಸರ್ ಗಡ್ಡೆಯಾಗಿತ್ತು. ಅದನ್ನು ತೆಗೆಸಿದ ಮೇಲೆ ಕಿಡ್ನಿಗಳೂ ಕೈಕೊಟ್ಟವು. ಇಂಥವರಿಗೆ ಕಿಡ್ನಿ ಹಾಕುವ ಮೊದಲು, ಕ್ಯಾನ್ಸರ್ ಮರಳುವುದಿಲ್ಲವೆಂದು ಖಾತ್ರಿಯಾಗಲು, ಎರಡು ವರ್ಷವಾದರೂ ಕಾಯಬೇಕಲ್ಲವೇ ಎಂದು ಗಂಗಾ ಕೇಳಿದಾಗ ಹುಬ್ಬಳ್ಳಿಯ ಡಾಕ್ಟರ್ ಚಿರಂತನ ನಕ್ಕಿದ್ದರು. ಅದೆಲ್ಲ ಹಳೆಯ ಕಾಲದ ಮಾತು, ನಾನು ಅದರ ಮೇಲೆಯೇ ಸಂಶೋಧನೆ ಮಾಡುತ್ತಿದ್ದೇನೆ ಎಂದಿದ್ದರು. ಗಂಗಾ ಕಿಡ್ನಿ ಕೊಟ್ಟಳು. ಹದಿನಾಲ್ಕೇ ತಿಂಗಳಿಗೆ ರಾಮ ತೀರಿಕೊಂಡ.

ಮಾತ್ರೆ ತಪ್ಪಿಸಿದ್ದಕ್ಕೇ ದೇಹ ಕಿಡ್ನಿಯನ್ನು ಒಪ್ಪಲಿಲ್ಲ ಎಂದು ಡಾಕ್ಟರು ಕೈತೊಳೆದುಕೊಂಡರು. ಹದಿಮೂರನೇ ದಿನ, ಊಟದ ಪಂಕ್ತಿಯಲ್ಲಿ ಎಲ್ಲರೂ ಕೂತಿರುವಾಗ, ನಾದಿನಿ ತನುಜಾ ಅದೇ ಮಾತನ್ನು ಎತ್ತಿದಳು. "ಅತ್ತಿಗೆ ಮಾತ್ರೆ ಸರಿ ಕೊಟ್ಟಿದ್ರೆ ಅಣ್ಣಯ್ಯ ಇರ್ತಿದ್ದ." ದಿನಾ ಎರಡು ಹೊತ್ತು ಅಲಾರಂ ಇಟ್ಟು ಮಾತ್ರೆ ಕೊಟ್ಟವಳು ಆ ದಿನದಿಂದ ತಮ್ಮೂರು ತ್ಯಾಗಲಿಯಲ್ಲಿ ಗಂಡನನ್ನು ಕೊಂದವಳಾದಳು. ಆ ಹೆಸರು ಹೊತ್ತುಕೊಂಡೇ ಅವಳು ಆರು ವರ್ಷ ಕಳೆದಳು.

ಈ ವರ್ಷ ಸಿರ್ಸಿಯಲ್ಲಿ ಡಾಕ್ಟರರಿಗೆ ಸನ್ಮಾನವಂತೆ. ಅವರ ಸಂಶೋಧನೆಗಳ ಸಾರಾಂಶವನ್ನು ಕನ್ನಡದಲ್ಲಿ ಪುಸ್ತಿಕೆ ಮಾಡಬೇಕೆಂದು ಸಮಿತಿಯವರು ಟೈಪಿಂಗಿಗೆ ತಂದುಕೊಟ್ಟದ್ದು ಬೇರೆಲ್ಲೂ ಅಲ್ಲ, ಗಂಗಾಳ ಅಂಗಡಿಗೆ. ಅವಳು ಬೇಡವೆನ್ನಲಿಲ್ಲ. ತಾನಾಗಿ ಮನೆ ಬಾಗಿಲಿಗೆ ಬಂದದ್ದನ್ನು ಯಾರು ಬಿಡುತ್ತಾರೆ?

ನಾಲ್ಕನೇ ಪುಟದಲ್ಲಿ ಅವಳ ಬೆರಳು ನಿಂತಿತು. ಕ್ಯಾನ್ಸರ್ ವಾಸಿಯಾದ ವರ್ಷದೊಳಗೇ ಕಿಡ್ನಿ ಹಾಕಿಸಿಕೊಂಡ ಹನ್ನೊಂದು ಮಂದಿ, ಮೂರು ವರ್ಷದ ನಂತರವೂ ಹನ್ನೊಂದೂ ಮಂದಿ ಬದುಕಿದ್ದಾರೆ. ಏಳನೇ ರೋಗಿ: ಸಿದ್ದಾಪುರ ತಾಲ್ಲೂಕಿನ ಕೃಷಿಕ, ನಲವತ್ತೇಳು ವರ್ಷ, ಕಿಡ್ನಿ ಕೊಟ್ಟವರು ಪತ್ನಿ. ಫೋನಿನಲ್ಲಿ ವಿಚಾರಿಸಿದಾಗ ಮನೆಯಲ್ಲೇ ಇದ್ದರು.

ರಾಮ ಹೋಗಿ ಎರಡು ವರ್ಷದ ಹೊತ್ತಿಗೆ ಬಂದಿದ್ದ ಆ ಫೋನು ಅವಳಿಗೆ ನೆನಪಿತ್ತು. ಆಸ್ಪತ್ರೆಯಿಂದ ಯಾವುದೋ ಹುಡುಗಿ, "ರಾಮ ಹೆಗಡೆಯವ್ರು ಅದಾರೇನ್ರಿ?" ಎಂದು ಕೇಳಿದ್ದಳು. ಗಂಗಾ ಮನೆಮಾತಿನಲ್ಲಿ, "ಇಲ್ಲೆ" ಎಂದಿದ್ದಳು. "ಛಲೋ ಆತ್ ಬಿಡ್ರಿ" ಎಂದು ಹುಡುಗಿ ಫೋನಿಟ್ಟಿದ್ದಳು. ಗಂಡ ಸತ್ತದ್ದು ಛಲೋ ಆಯಿತಂತೆ! ಆ ಹುಡುಗಿಗೆ ಮನಸ್ಸಿನಲ್ಲಿ ಹಾಕಿದ ಶಾಪಕ್ಕೆ ಲೆಕ್ಕವಿಲ್ಲ. ಈಗ ತಿಳಿಯಿತು: ಘಟ್ಟದವಳು 'ಇಲ್ಲ' ಎಂಬರ್ಥದಲ್ಲಿ ಹೇಳಿದ 'ಇಲ್ಲೆ'ಯನ್ನು ಹುಬ್ಬಳ್ಳಿಯವಳು 'ಇಲ್ಲೇ ಇದ್ದಾರೆ' ಎಂದು ಬರೆದುಕೊಂಡಿದ್ದಾಳೆ.

ಪಾಪ, ಹುಡುಗಿಯ ತಪ್ಪಲ್ಲ. ಆದರೆ ರಾಮ ಸತ್ತದ್ದು ಡಾಕ್ಟರರ ಆಸ್ಪತ್ರೆಯಲ್ಲೇ, ಅವರ ಕಣ್ಣೆದುರೇ. ಅವರಿಗೂ ಗೊತ್ತಿರಲಿಲ್ಲವೇ?

ಡಯಾಲಿಸಿಸ್ಸಿನ ದಿನಗಳಲ್ಲಿ ಪರಿಚಯವಾಗಿದ್ದ, ಕ್ಯಾನ್ಸರ್ ವಾಸಿಯಾಗಿ ಇದೇ ಡಾಕ್ಟರರಿಂದ ಕಿಡ್ನಿ ಹಾಕಿಸಿಕೊಂಡಿದ್ದ ಮನ್ಮನೆ ಊರಿನ ಒಬ್ಬರ ಮನೆಗೂ ಅವಳು ಹೋಗಿಬಂದಳು. ಅವರೂ ತೀರಿಹೋಗಿ ಐದು ವರ್ಷ, ಅವರ ಮನೆಯವರೂ ಫೋನಿನಲ್ಲಿ "ಇಲ್ಲೆ" ಎಂದೇ ಹೇಳಿದ್ದರು. ಎರಡು ಮರಣ ಪ್ರಮಾಣಪತ್ರಗಳನ್ನು ಸ್ಕ್ಯಾನ್ ಮಾಡಿ, ಲೇಖನ ಅಚ್ಚಾದ ವೈದ್ಯಕೀಯ ಪತ್ರಿಕೆಗೆ ದೂರು ಕಳಿಸಿದಳು. ಪುಸ್ತಿಕೆಯನ್ನು ಒಂದಕ್ಷರ ತಪ್ಪಿಲ್ಲದೆ ಟೈಪ್ ಮಾಡಿ ಸಮಿತಿಗೂ ಕೊಟ್ಟಳು. ಸುಳ್ಳು ಹಾಗೇ, ಸ್ಪಷ್ಟವಾಗಿ, ಅಚ್ಚಾಗಲಿ ಎಂಬುದೇ ಅವಳ ಆಸೆಯಾಗಿತ್ತು.

ಪತ್ರಿಕೆಯವರು ವಿವರಣೆ ಕೇಳಿದ್ದರಿಂದ, ದೂರು ಹೋದ ಇಪ್ಪತ್ತನೇ ದಿನ ಡಾಕ್ಟರು ಅಂಗಡಿಗೇ ಬಂದರು.

"ಅದು ನಿಮ್ಮ ಭಾಷೆಯಿಂದಾದ ತಪ್ಪಮ್ಮ. ದೂರು ವಾಪಸ್ ತಗೊಳ್ಳಿ. ಇಪ್ಪತ್ತು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು ನನ್ನದು."

"ನಂದೂ ಹೆಸರೇ ಹೋಗಿದ್ದು. ಅವರ ರಕ್ತದಲ್ಲಿ ಔಷಧ ಎಷ್ಟಿತ್ತು ಅಂತ ನಿಮ್ಮ ಫೈಲಲ್ಲಿ ಇರಬೇಕಲ್ಲ?"

ಡಾಕ್ಟರು ಸ್ಟೂಲು ಎಳೆದುಕೊಂಡು ಕೂತರು. "ಸರಿಯಾಗೇ ಇತ್ತು. ಕ್ಯಾನ್ಸರ್ ವಾಪಸ್ ಬಂದಿತ್ತು."

"ಹೇಳ್ತಾ ಹೋಗಿ, ಟೈಪ್ ಮಾಡ್ತೆ."

ದೂರು ನಿಂತರೆ ಸಾಕೆಂದು ಅವರು ಹೇಳಿದರು, ಅವಳು ಟೈಪ್ ಮಾಡಿದಳು. ಮಾತ್ರೆ ಒಂದು ಹೊತ್ತೂ ತಪ್ಪಿರಲಿಲ್ಲ, ಪತ್ನಿಯ ತಪ್ಪೇನೂ ಇಲ್ಲ. ಡಾಕ್ಟರು ಸಹಿ ಹಾಕಿ ಕೆಳಗೆ ಮೊಹರು ಒತ್ತಿದರು. ಗಂಗಾ ಎರಡು ಸಲ ಓದಿ ನೋಡಿದಳು.

"ಇನ್ನು ದೂರು ವಾಪಸ್ ತಗೊಳ್ತೀರಿ ತಾನೇ?"

"ಇಲ್ಲೆ," ಎಂದಳು ಗಂಗಾ.

ಡಾಕ್ಟರು ಅರ್ಥ ಕೇಳಲಿಲ್ಲ. ಅವರ ಕಾರು ಹೊರಡುವ ಮೊದಲೇ ಅವಳು ಆ ಹಾಳೆಯನ್ನು ಜೆರಾಕ್ಸ್ ಮೆಷಿನ್ನಿನ ಗಾಜಿನ ಮೇಲೆ ಬೋರಲು ಹಾಕಿ, ತ್ಯಾಗಲಿಯಲ್ಲಿ ಎಷ್ಟು ಮನೆಯಿವೆಯೋ ಅಷ್ಟು ಪ್ರತಿಗೆ ಗುಂಡಿ ಒತ್ತಿದಳು. ಬಿಸಿಬಿಸಿಯಾಗಿ ಹೊರಬಂದ ಮೊದಲನೆಯದರ ಮೇಲೆ ತನುಜಾಳ ಹೆಸರು ಬರೆದಳು.